ಗೋಡೆ ಇಲ್ಲದ ಜಾಗ

ಪರಪ್ಪ ಗೂಟಕ್ಕೆ ಎರಡನೇ ಪೆಟ್ಟು ಹಾಕುವಷ್ಟರಲ್ಲಿ ರಾಚವ್ವ ಅವನ ಕೈ ಹಿಡಿದಳು.

“ಗ್ವಾಡಿಗೆ ಬ್ಯಾಡ್ರಿ, ಭಾವಾರ.”

ಮೂವತ್ತು ವರ್ಷ ಭಾವನೆದುರು ಸೆರಗು ಜಾರಿಸದವಳು ಕೈ ಹಿಡಿದದ್ದು ಕಂಡು ಅಂಗಳದ ಭಜನೆ ತಡವರಿಸಿತು. ನಸುಕಿನಲ್ಲಿ ತೀರಿಕೊಂಡ ಅವಳ ಗಂಡ ಉಳವಪ್ಪನಿಗೆ ಸ್ನಾನ ಮಾಡಿಸಿ ವಿಭೂತಿ ಹಚ್ಚಿಯಾಗಿತ್ತು. ಇನ್ನು ಗೋಡೆಗೆ ಆನಿಸಿ, ಎದೆಗೆ ಸುತ್ತಿದ ಬಟ್ಟೆಯನ್ನು ಗೂಟಕ್ಕೆ ಬಿಗಿದು ಕೂಡಿಸಬೇಕು. ಅಂಗೈಗೆ ಲಿಂಗ ಇಡಬೇಕು. ಸಂಜೆಯೊಳಗೆ ಮಣ್ಣು.

“ಅಂವನ ಹುಚ್ಚು ನಿನಗೂ ಹತ್ತೇತೇನು? ಕೂಡಸೂ ಪದ್ಧತೀನ ಹಿಂಗೈತಿ,” ಎಂದ ಪರಪ್ಪ.

“ಈ ಗ್ವಾಡಿ ನಾನೂ ಅಂವಾನೂ ಕೂಡೇ ಎತ್ತಿದ್ವಿ,” ಎಂದ ಬುರಾನಸಾಬ, ಯಾರಿಗೆಂದಿಲ್ಲದೆ. ಉಳವಪ್ಪನ ಜೋಡಿ ಗೌಂಡಿ ಕೆಲಸ ಮಾಡಿದವನು ಅವನು. ಮುನವಳ್ಳಿಯ ಅರ್ಧ ಮನೆಗಳಿಗೆ ಇಬ್ಬರ ಕೈ ಹತ್ತಿತ್ತು.

“ಮತ್ತ? ತಾ ಕಟ್ಟಿದ ಗ್ವಾಡಿಗೆ ತಾನ ಆನಿದರ ಏನಾಕ್ಕೈತಿ?” ಪರಪ್ಪ ರಾಚವ್ವನ ಕಡೆ ತಿರುಗಿದ. “ಅವತ್ತ ನೀ ಸಹಿ ಮಾಡಿದ್ರ ನನ್ನ ತಮ್ಮ ಇನ್ನೂ ಇರ್ತಿದ್ದ.”

“ಇರ್ತಿದ್ದರೇನೋ,” ಎಂದಳು ರಾಚವ್ವ.

*

ಒಂದು ಮಧ್ಯಾಹ್ನ ಉಳವಪ್ಪ ಕಟ್ಟುತ್ತಿದ್ದ ಗೋಡೆಯನ್ನು ಎದೆಮಟ್ಟಕ್ಕೆ ಬಿಟ್ಟು ಮನೆಗೆ ಬಂದಿದ್ದ. “ನಾವು ಮಾತಾಡೂದು ಗ್ವಾಡಿ ಕೇಳಾಕ ಹತ್ಯಾವು,” ಎಂದಿದ್ದ ಪಿಸುದನಿಯಲ್ಲಿ. ಅಂದಿನಿಂದ ಅಂಗಳದ ಬೇವಿನ ಬುಡದಲ್ಲೇ ಮಲಗಿದ. ಗುಳಿಗೆ ಕೊಟ್ಟರೆ, “ಜಡ್ಡು ನನಗಲ್ಲ, ಗ್ವಾಡಿಗೆ. ಅದಕ್ಕ ಕೊಡು,” ಎಂದು ನಗುತ್ತಿದ್ದ. ಸಾರಿನಲ್ಲಿ ಬೆರೆಸಿದ್ದು ಗೊತ್ತಾದಾಗ ಮೂರು ದಿನ ಊಟ ಬಿಟ್ಟ.

ತೊಂಬತ್ತೆಂಟರಲ್ಲಿ ಪರಪ್ಪನೇ ಅವಳನ್ನು ಸವದತ್ತಿಯ ವಕೀಲರ ಬಳಿ ಕರೆದೊಯ್ದ.

“ಎರಡ ಹಾದಿ ಅದಾವ ತಂಗಿ,” ಎಂದರು ವಕೀಲರು. “ಒಂದು, ಹೇಣ್ತಿ ಅಂತ ನೀನ ಕೋರ್ಟಿಗೆ ಅರ್ಜಿ ಕೊಡೂದು. ಇಬ್ಬರು ಡಾಕ್ಟರು ಬರದುಕೊಡಬೇಕು. ಮ್ಯಾಜಿಸ್ಟ್ರೇಟರಿಗೆ ಖರೇ ಅನ್ನಿಸಿದರ ಧಾರವಾಡದ ದವಾಖಾನ್ಯಾಗ ಇಡಾಕ ಹುಕುಂ ಮಾಡ್ತಾರ. ಇನ್ನೊಂದು, ಸೋಡಚೀಟಿ ತಗೊಂಡು ಗಂಡನ್ನ ಬಿಡೂದು.”

“ಅವರು ಬರೂದಿಲ್ಲಂದ್ರ?”

“ಹುಕುಂ ಆದಮ್ಯಾಲೆ ಪೊಲೀಸರು ಕರಕೊಂಡ ಹೊಕ್ಕಾರ.”

ವಕೀಲರು ಮುಂದೆ ಸರಿಸಿದ ಅರ್ಜಿಗೆ ಸಹಿ ಹಾಕಲು ರಾಚವ್ವ ಪೆನ್ನು ಎತ್ತಿಕೊಂಡಳು. “ಅಲ್ಲೆ ಗ್ವಾಡಿ ಅದಾವೇನ್ರಿ?”

ವಕೀಲರು ಪರಪ್ಪನ ಮುಖ ನೋಡಿದರು. “ದವಾಖಾನಿಗೆ ಗ್ವಾಡಿ ಇಲ್ಲದ ಇರ್ತಾವೇನವ್ವಾ?”

ಅವಳು ಪೆನ್ನನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟಳು.

ಅಂದು ಸಂಜೆ ಉಳವಪ್ಪನ ಮುಂದೆ ರೊಟ್ಟಿ ಇಟ್ಟಾಗ ಅವನು ಮುಟ್ಟಲಿಲ್ಲ. “ಬೆನ್ನಿಗೆ ಗ್ವಾಡಿ ಇದ್ರ ಅಂಜಿಕಿ. ಬಯಲಿದ್ರೂ ಅಂಜಿಕಿ.” ಅವಳು ಅವನ ಹಿಂದೆ ಹೋಗಿ, ಬೆನ್ನಿಗೆ ಬೆನ್ನು ಕೊಟ್ಟು ಕುಳಿತಳು. ಅವನು ಅಗಿಯುವುದು ಅವಳ ಬೆನ್ನುಮೂಳೆಗೆ ತಿಳಿಯುತ್ತಿತ್ತು. ಎರಡು ರೊಟ್ಟಿ ತಿಂದ. ಎಂಟು ವರ್ಷ ಹಾಗೇ ತಿಂದ. ಅವನ ಮುಖಕ್ಕಿಂತ ಬೆನ್ನೇ ಅವಳಿಗೆ ಹೆಚ್ಚು ಪರಿಚಯವಾಯಿತು. ಈ ಚಳಿಗಾಲದಲ್ಲಿ ಆ ಬೆನ್ನೊಳಗೆ ಕಫ ಗೊರಗುಟ್ಟತೊಡಗಿದಾಗ, ಒಳಗೆ ಬಂದು ಮಲಗಿರೆಂದು ಕಾಲು ಹಿಡಿದಳು. ಅವನು ಬರಲಿಲ್ಲ. ಸಹಿ ಮಾಡದ ಆ ಕಾಗದ ಆಗ ದಿನವೂ ಕಣ್ಣಿಗೆ ಕಟ್ಟುತ್ತಿತ್ತು.

*

“ಮತ್ತ ಎದಕ್ಕ ಆನಸೂಣು, ಹೇಳು!” ಪರಪ್ಪ ಕೇಳಿದ.

ರಾಚವ್ವ ಬೇವಿನ ಕೆಳಗೆ, ಗಂಡ ಸದಾ ಊಟಕ್ಕೆ ಕೂರುತ್ತಿದ್ದ ಜಾಗಕ್ಕೆ ಬೆನ್ನು ತಿರುಗಿಸಿ, ಚಕ್ಕಳಮಕ್ಕಳ ಹಾಕಿ ಕುಳಿತಳು.

“ತರ್ರಿ,” ಎಂದಳು.

ಪರಪ್ಪ ಗೋಡೆಯ ಗೂಟವನ್ನು ಕಿತ್ತು ಕೆಳಗಿಟ್ಟು, ತಮ್ಮನ ತೋಳಿನಡಿ ಕೈ ಹಾಕಿದ.

ಭಾರ ಬಂದು ಬೆನ್ನಿಗೆ ತಾಗಿತು. ತಣ್ಣಗಿತ್ತು. ರಾಚವ್ವ ತುಸು ಹಿಂದಕ್ಕೆ ಒರಗಿ ಹದ ಮಾಡಿಕೊಂಡಳು.

“ವೈನಿ, ಬಿಗಿ ಆದ್ರ ಹೇಳ್ರಿ,” ಎನ್ನುತ್ತ ಬುರಾನಸಾಬ ಗೂಟಕ್ಕೆ ಬಿಗಿಯಬೇಕಿದ್ದ ಬಟ್ಟೆಯನ್ನು ಇಬ್ಬರ ಎದೆಗೂ ಕೂಡಿಯೇ ಸುತ್ತಿ ಗಂಟು ಹಾಕಿದ.

ಭಜನೆ ಮತ್ತೆ ಎದ್ದಿತು. ಎಳೆಬಿಸಿಲಿನಲ್ಲಿ ಇಬ್ಬರದೂ ಒಂದೇ ನೆರಳು ಅಂಗಳದುದ್ದಕ್ಕೂ ಚಾಚಿ, ಗೋಡೆ ಮುಟ್ಟಲು ಇನ್ನೊಂದು ಗೇಣು ಇರುವಂತೆಯೇ ನಿಂತಿತ್ತು.