ಆಲ್ಫಾ ಪಾತಿಯ ಲೆಕ್ಕ

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ಬೆಳ್ಳಾರೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಹಾಗೆ ನೋಡುತ್ತಿದ್ದವಳು ವಸುಮತಿ ಒಬ್ಬಳೇ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಈಕೆಗೆ ಯಾವುದನ್ನೂ ಅಳೆಯದೆ ನಂಬುವ ಅಭ್ಯಾಸವಿರಲಿಲ್ಲ. ಕಾಳುಮೆಣಸಿನ ಕುಡಿಗೆ ಬೇಗ ಬೇರು ಬರುವುದು ಯಾವುದರಿಂದ? ಅಂಗಡಿಯ ಪುಡಿಯಿಂದ ಎಂದು ಅವಳ ಅಣ್ಣ ಸರ್ವೋತ್ತಮ, ಎಳನೀರಿನಿಂದ ಎಂದು ನೆರೆಮನೆಯವರು. ಬರೀ ಬಾಯಿಮಾತು. ಎಂಬತ್ತೊಂದನೆಯ ಇಸವಿಯ ಫೆಬ್ರವರಿಯಲ್ಲಿ ಅಣ್ಣನನ್ನು ಕಾಡಿ ಬೇಡಿ ಮಾರ್ಗದ ಬದಿಯ ಒಂದು ತುಂಡು ಜಾಗ ಪಡೆದು ನಾಲ್ಕು ಪಾತಿ ಮಾಡಿಸಿದಳು. ಪಾತಿಗೆ ನೂರರಂತೆ ಮಣ್ಣು ತುಂಬಿದ ಪ್ಲಾಸ್ಟಿಕ್ ತೊಟ್ಟೆ, ತೊಟ್ಟೆಗೊಂದು ಕುಡಿ. ಒಂದು ಪಾತಿಯ ಕುಡಿಗಳನ್ನು ಪುಡಿಯಲ್ಲಿ ಅದ್ದಿದ್ದು, ಒಂದರದ್ದು ಗಂಜಲದಲ್ಲಿ, ಒಂದರದ್ದು ಎಳನೀರಿನಲ್ಲಿ, ಕೊನೆಯದು ಬರೀ ನೀರಿನಲ್ಲಿ.

ಇನ್ನು ಪಾತಿಗಳಿಗೆ ಹೆಸರು. ಒಂದು, ಎರಡು ಎಂದು ಬರೆದರೆ ಕೆಲಸ ಕೆಟ್ಟಿತು. ನಮ್ಮ ಜನಕ್ಕೆ ಒಂದು ಎಂದರೆ ಒಳ್ಳೆಯದು, ನಾಲ್ಕು ಎಂದರೆ ಕಸ. ಒಂದನೆಯದಕ್ಕೆ ನೀರು ಹೊಯ್ಯುವಾಗ ಕೈ ತಾನಾಗಿ ಧಾರಾಳವಾಗುತ್ತದೆ. ಅ, ಆ ಎಂದರೂ ಅದೇ ಪಾಡು. ಅದಕ್ಕೇ ಅವಳು ಹಲಗೆಗಳ ಮೇಲೆ ಊರಲ್ಲಿ ಯಾರಿಗೂ ಗೊತ್ತಿಲ್ಲದ ಗ್ರೀಕ್ ಅಕ್ಷರ ಬರೆದಳು: α, β, γ, δ. ಹುಳ ಹರಿದ ಹಾಗೆ ಉಂಟು ಎಂದು ಸರ್ವೋತ್ತಮ ನಕ್ಕ. ನಗಲಿ, ಗೊತ್ತಾಗದಿದ್ದರೆ ಆಯಿತು ಎಂದು ಅವಳು ಒಳಗೊಳಗೇ ಹಿಗ್ಗಿದಳು.

ನೀರು ಹೊಯ್ಯುವವನು ಹಸನಬ್ಬ. ಐವತ್ತರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ. ಆಲಂಕಾರಿನಲ್ಲಿ ಅವನ ತಾಯಿಯ ಮನೆ. ಇಲ್ಲಿ ಪೇಟೆಯಲ್ಲಿ ಬಿಡಾರ. ಕನ್ನಡ ಓದಲು ಬಾರದು. ಮದ್ರಸದಲ್ಲಿ ಕಲಿತ ಅರಬಿ ಅಕ್ಷರವಷ್ಟೇ ಗೊತ್ತು. ವಸುಮತಿ ಒಂದೊಂದೇ ಹಲಗೆ ಮುಟ್ಟಿ ಆಲ್ಫಾ, ಬೀಟಾ, ಗಾಮಾ, ಡೆಲ್ಟಾ ಎಂದು ಹೇಳಿಕೊಟ್ಟಳು. ಅವನು ತುಟಿಯಲ್ಲೇ ಹೇಳಿಕೊಂಡು ಅವಳ ಮುಖ ನೋಡಿದ. ಅವನ ಮುಖ ಅರಳಿತ್ತು.

“ನನಗೆ ಗೊತ್ತಾಯ್ತು ಅಕ್ಕ” ಎಂದ.

ಪಾಪ, ಇವನಿಗೆ ಗೊತ್ತಾದದ್ದು ಏನು ಮಣ್ಣು ಎಂದುಕೊಂಡು ಅವಳು ಸುಮ್ಮನಾದಳು.

ಮಾರ್ಚಿನಲ್ಲಿ ಶಾಲೆಯ ಮೆಟ್ಟಿಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಳು. ಪ್ಲಾಸ್ಟರ್ ಹಾಕಿಸಿಕೊಂಡು ಪುತ್ತೂರಿನ ಚಿಕ್ಕಮ್ಮನ ಮನೆಯಲ್ಲಿ ಆರು ವಾರ ಬಿದ್ದುಕೊಳ್ಳಬೇಕಾಯಿತು. ಹೋಗುವ ಮೊದಲು ಹಸನಬ್ಬನ ಕೈಗೆ ಒಂದು ಪುಸ್ತಕ ಕೊಟ್ಟು, ನಿಮಗೆ ಬಂದ ಹಾಗೆ ದಿನದಿನದ ಲೆಕ್ಕ ಬರೆದಿಡಿ ಎಂದಿದ್ದಳು.

ಮೇ ತಿಂಗಳ ಒಂದು ಶನಿವಾರ ಕುಂಟುತ್ತ ಬಂದು ಪಾತಿಗಳನ್ನು ನೋಡಿದಳು. ಗಾಮಾ ಪಾತಿ ಹಸಿರು ಹಸಿರಾಗಿತ್ತು, ಬೀಟಾ ಮತ್ತು ಡೆಲ್ಟಾ ಪರವಾಗಿಲ್ಲ. ಆಲ್ಫಾ ಪಾತಿಯಲ್ಲಿ ನೂರಕ್ಕೆ ಮೂವತ್ತೊಂದು ತೊಟ್ಟೆ ಮಾತ್ರ ಉಳಿದಿತ್ತು. ಹಸನಬ್ಬನೂ ಇಲ್ಲ. ತಾಯಿಗೆ ಜ್ವರ, ಸೋಮವಾರ ಬರುತ್ತೇನೆ ಎಂದು ಹೇಳಿ ಹಿಂದಿನ ದಿನವೇ ಆಲಂಕಾರಿಗೆ ಹೋಗಿದ್ದ, ಪುಸ್ತಕ ಬಿಟ್ಟುಹೋಗಿದ್ದ.

ಪುಸ್ತಕದಲ್ಲಿ ಸಾಲು ಸಾಲಾಗಿ ಅರಬಿ ಅಕ್ಷರ, ಪಕ್ಕದಲ್ಲಿ ಗೀಟು, ಅಲ್ಲಲ್ಲಿ ಸೊನ್ನೆ. ಸರ್ವೋತ್ತಮ ಪೇಟೆಯಿಂದ ದಿನಸಿ ಅಂಗಡಿಯ ಕುಂಞಿ ಮೋನುವನ್ನು ಕರೆತಂದ. ಅವರು ಕನ್ನಡಕ ಏರಿಸಿ ಬಲದಿಂದ ಎಡಕ್ಕೆ ಓದಿದರು: ಅಲಿಫ್, ಬಾ, ಜೀಮ್, ದಾಲ್. ಮರುದಿನವೂ ಅದೇ, ಮೂರನೆಯ ದಿನವೂ ಅದೇ. ಆಮೇಲೆ ಬೆರಳು ಮಡಚಿ, ಇದು ಸರಿಯಾಗುವುದಿಲ್ಲವಲ್ಲ ಎಂದರು. ಮದ್ರಸದಲ್ಲಿ ಕಲಿಸುವ ಕ್ರಮದಲ್ಲಿ ಅಲಿಫ್, ಬಾ ಆದ ಮೇಲೆ ತಾ ಬರಬೇಕು. ಜೀಮ್ ಐದನೆಯದು, ದಾಲ್ ಎಂಟನೆಯದು. ಇರುವುದು ನಾಲ್ಕೇ ಪಾತಿ. ಐದು ಮತ್ತು ಎಂಟು ಎಲ್ಲಿಂದ ಬಂತು? ಮೂರು ನಾಲ್ಕು ಎಲ್ಲಿಗೆ ಹೋಯಿತು?

ಸರ್ವೋತ್ತಮನಿಗೆ ಅಷ್ಟು ಸಾಕಾಯಿತು.

“ಎಂತ ಓದುದು ಇನ್ನು? ಕುಡಿ ಮಾರಿದ್ದಾನೆ, ಲೆಕ್ಕ ಬಾಯಿಗೆ ಬಂದ ಹಾಗೆ ಗೀಚಿದ್ದಾನೆ” ಎಂದ. ಸೋಮವಾರ ಬಂದೊಡನೆ ಅವನ ಕೆಲಸ ಬಿಡಿಸುವುದೆಂದು ಕುಂಞಿ ಮೋನುವಿನ ಎದುರೇ ಸಾರಿದ. ಪೇಟೆಯ ಅಂಗಡಿಯಲ್ಲಿ ಬಿದ್ದ ಮಾತು ಸಂಜೆಯೊಳಗೆ ಊರೆಲ್ಲ ಸುತ್ತುತ್ತದೆ. ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ. ಕಳ್ಳನೆನಿಸಿಕೊಂಡ ಹಸನಬ್ಬನಿಗೆ ಮತ್ತೆ ಯಾರು ತೋಟದ ಬೇಲಿ ದಾಟಲು ಬಿಡುತ್ತಾರೆ? ವಸುಮತಿಗೆ ಸಂಕಟವಾಯಿತು. ಆದರೆ ಖಾಲಿ ಪಾತಿ ಕಣ್ಣೆದುರೇ ಇತ್ತು.

ಊಟಕ್ಕೆ ಕೂತಾಗ ಮಾತ್ರ ಆ ನಾಲ್ಕು ಹೆಸರು ತಲೆಯಲ್ಲಿ ಸುತ್ತತೊಡಗಿತು. ಅಲಿಫ್, ಆಲ್ಫಾ. ಬಾ, ಬೀಟಾ. ದಾಲ್, ಡೆಲ್ಟಾ. ಹಾಗಾದರೆ ಜೀಮ್ ಮತ್ತು ಗಾಮಾ? ಕಲಸಿದ ಅನ್ನ ಕೈಯಲ್ಲೇ ಉಳಿಯಿತು. ಕಾಲೇಜಿನಲ್ಲಿ ಮೇಷ್ಟ್ರೊಬ್ಬರು ಪಾಠ ಬಿಟ್ಟು ಹೇಳಿದ್ದ ಕತೆ ನೆನಪಾಯಿತು. ಆಲ್ಫಾ ಎಂಬ ಹೆಸರಿಗೆ ಗ್ರೀಕರ ಮಾತಿನಲ್ಲಿ ಅರ್ಥವೇ ಇಲ್ಲವಂತೆ. ಹಡಗಿನಲ್ಲಿ ಬಂದ ವ್ಯಾಪಾರಿಗಳಿಂದ ಅವರು ಅಕ್ಷರ ಕಲಿತರು, ಹೆಸರನ್ನೂ ಹಾಗೇ ಇಟ್ಟುಕೊಂಡರು. ಆ ವ್ಯಾಪಾರಿಗಳ ಮಾತಿನಲ್ಲಿ ಮೊದಲನೆಯ ಹೆಸರಿನ ಅರ್ಥ ಎತ್ತು, ಎರಡನೆಯದು ಮನೆ, ನಾಲ್ಕನೆಯದು ಬಾಗಿಲು. ಅರಬಿಯ ಅಕ್ಷರವೂ ಅದೇ ಬೇರಿನದಂತೆ. ಹೆಸರೇನೋ ಕೂಡಿತು, ಆದರೆ ಐದನೆಯ ಜೀಮ್ ಮೂರನೆಯ ಪಾತಿಗೆ ಬಂದದ್ದು ಹೇಗೆ? ಇದನ್ನು ತಿಳಿಯದೆ ಅವಳಿಗೆ ತುತ್ತು ಇಳಿಯುವಂತಿರಲಿಲ್ಲ. ಕಾಲು ನೋವು ಉಂಟಲ್ಲ ಮಾರಾಯ್ತಿ ಎಂದು ಅಣ್ಣ ಗದರಿದರೂ ಕೇಳದೆ, ಭಾನುವಾರ ಬೆಳಿಗ್ಗೆ ಪುಸ್ತಕವನ್ನು ಚೀಲಕ್ಕೆ ಹಾಕಿ, ಎರಡು ಬಸ್ಸು ಬದಲಾಯಿಸಿ ಆಲಂಕಾರಿಗೆ ಹೋದಳು.

ಹಸನಬ್ಬ ಗಾಬರಿಯಾಗಿ ಅಂಗಳಕ್ಕೆ ಬಂದ. ಜ್ವರ ಬಿಟ್ಟ ಅವನ ತಾಯಿ ಆಯಿಶಮ್ಮ ಜಗಲಿಯಲ್ಲಿ ಕೂತು ಗಂಜಿ ಕುಡಿಯುತ್ತಿದ್ದರು. ವಸುಮತಿ ಕೂತು, ಪುಸ್ತಕ ತೆರೆದು, ಮೂರನೆಯ ಸಾಲಿಗೆ ಬೆರಳಿಟ್ಟು ಇಲ್ಲಿ ಜೀಮ್ ಯಾಕೆ ಎಂದು ಕೇಳಿದಳು. ಮಗ ಬಾಯಿ ತೆರೆಯುವ ಮೊದಲೇ ಮುದುಕಿ ಗಂಜಿಯ ಬಟ್ಟಲು ಕೆಳಗಿಟ್ಟರು.

“ಓದುವ ಕ್ರಮ ಬೇರೆ ಮಗಳೇ, ಲೆಕ್ಕದ ಕ್ರಮ ಬೇರೆ” ಎಂದರು. ಬೆರಳಿನ ಗೆಣ್ಣು ಮುಟ್ಟುತ್ತ ಹೇಳಿದರು: “ಅಲಿಫ್ ಒಂದು, ಬಾ ಎರಡು, ಜೀಮ್ ಮೂರು, ದಾಲ್ ನಾಲ್ಕು. ನನ್ನ ಅಪ್ಪ ಕಿತಾಬು ಓದಿದ ಮುಸ್ಲಿಯಾರರು, ಲೆಕ್ಕಕ್ಕೆಲ್ಲ ಇದನ್ನೇ ಹಿಡಿಯುದು. ಇವನಿಗೂ ಅವರೇ ಕಲಿಸಿದ್ದು. ಈಗಿನವರಿಗೆ ಇದೆಲ್ಲ ಎಲ್ಲಿ ಗೊತ್ತುಂಟು?”

ಮದ್ರಸದ ಕ್ರಮಕ್ಕಿಂತ ಹಳೆಯ ಕ್ರಮ ಆಲಂಕಾರಿನ ಈ ಜಗಲಿಯಲ್ಲಿ ಉಳಿದಿತ್ತು. ಕಡಲಾಚೆಯ ಗ್ರೀಕರಲ್ಲೂ ಅದೇ ಕ್ರಮ ಉಳಿದಿತ್ತು. ಲೆಕ್ಕ ಸುಳ್ಳಲ್ಲ. ಉಳಿದದ್ದನ್ನು ಹಸನಬ್ಬನೇ ಬಿಡಿಸಿ ಹೇಳಿದ: ಗೀಟು ಎಂದರೆ ಹೊಯ್ದ ಕೊಡ, ಸೊನ್ನೆ ಎಂದರೆ ಕೊಳೆತು ತೊಟ್ಟೆ ಸಮೇತ ಬಿಸಾಡಿದ ಕುಡಿ. ಅವಳು ಎಣಿಸಿದಳು. ಅಲಿಫಿನ ಮುಂದೆ ಅರವತ್ತೊಂಬತ್ತು ಸೊನ್ನೆ ಇತ್ತು, ಒಂದೂ ಹೆಚ್ಚು ಕಡಿಮೆ ಇಲ್ಲ. ಬೇರೆ ಪಾತಿಗೆಲ್ಲ ದಿನಕ್ಕೆ ಒಂದು ಗೀಟು, ಅಲಿಫಿಗೆ ಮಾತ್ರ ಎರಡು.

“ಇದಕ್ಕೆ ಯಾಕೆ ಎರಡು ಕೊಡ?”

ಹಸನಬ್ಬ ತಲೆ ತಗ್ಗಿಸಿದ. “ಒಂದನೆಯದಲ್ವಾ ಅಕ್ಕ. ಚೆನ್ನಾಗಿ ಬರ್ಲಿ ಅಂತ. ನೀರು ಹೆಚ್ಚಾಗಿ ಕೊಳೆತದ್ದು ಆಮೇಲೆ ಗೊತ್ತಾಯ್ತು. ತಪ್ಪು ನನ್ನದೇ.”

ಯಾವುದಕ್ಕೆ ಹೆದರಿ ಗ್ರೀಕರ ತನಕ ಹೋಗಿದ್ದಳೋ ಅದೇ ಆಗಿತ್ತು! ಅವಳಿಗೆ ನಗು ಬಂತು. ಆದರೆ ಅವನ ಮಾತು ಮುಗಿದಿರಲಿಲ್ಲ.

“ನನಗೆ ಕನ್ನಡ ಓದ್ಲಿಕ್ಕೆ ಬರುದಿಲ್ಲ ಅಂತ ನೀವು ನಮ್ಮ ಲೆಕ್ಕದಲ್ಲೇ ಹೆಸರು ಇಟ್ಟದ್ದಲ್ವಾ. ಮೂವತ್ತು ವರ್ಷದಿಂದ ಕೂಲಿ ಮಾಡ್ತೇನೆ, ನನಗೆ ಬೇಕಾಗಿ ಯಾರೂ ಹಾಗೆ ಮಾಡಿದ್ದಿಲ್ಲ. ಅದಕ್ಕೇ ನಿಮ್ಮ ಒಂದನೆಯ ಪಾತಿ ಎಲ್ಲಕ್ಕಿಂತ ಚೆಂದ ಬರ್ಬೇಕು ಅಂತ ಎಣಿಸಿದೆ.”

ವಸುಮತಿಯ ನಗು ಅಲ್ಲೇ ನಿಂತಿತು. ಇವನಿಗೆ ತಿಳಿಯಬಾರದೆಂದೇ ಹುಡುಕಿ ಹುಡುಕಿ ಬರೆದ ಅಕ್ಷರ ಅದು. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು. ಹೌದು ಎಂದುಬಿಟ್ಟರೆ ಮುಗಿಯುತ್ತಿತ್ತು, ಆದರೆ ಅರವತ್ತೊಂಬತ್ತು ಸೊನ್ನೆಯನ್ನು ಒಂದೂ ಬಿಡದೆ ಬರೆದವನ ಎದುರು ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ.

“ಅಲ್ಲ ಹಸನಬ್ಬ” ಎಂದಳು. “ನಿಮಗೆ ಗೊತ್ತಾಗಬಾರದು ಅಂತ ಬರೆದದ್ದು.”

ಅವನು ಪುಸ್ತಕ ಮಡಚಿ ಅವಳ ಚೀಲದ ಮೇಲಿಟ್ಟ. ಮುಖ ಸಣ್ಣದಾಯಿತು. ಆಯಿಶಮ್ಮ ಮಗನನ್ನೂ ಅವಳನ್ನೂ ನೋಡಿ, ಟೀಚರಿಗೆ ಚಾ ಮಾಡಲು ಹೇಳು ಎಂದು ಒಳಗೆ ಕಳಿಸಿದರು.

ಸೋಮವಾರ ಬೆಳಿಗ್ಗೆ ವಸುಮತಿ ಅಣ್ಣನನ್ನು ಕರೆದುಕೊಂಡು ಕುಂಞಿ ಮೋನುವಿನ ಅಂಗಡಿಗೆ ಹೋದಳು. ಮಾತು ಬಿದ್ದಲ್ಲೇ ಅದನ್ನು ಹೆಕ್ಕಬೇಕೆಂದು ಹಟ ಹಿಡಿದು, ನಾಲ್ಕು ಜನರೆದುರು ಗೀಟು ಸೊನ್ನೆ ಎಲ್ಲ ಓದಿ ಹೇಳಿದಳು; ಕೆಡುಕು ಮಾಡಿದ್ದು ತನ್ನ ಅಕ್ಷರ ಎಂದೂ ಹೇಳಿದಳು. ಸರ್ವೋತ್ತಮ ಕೆಮ್ಮಿ, ಆಯ್ತು ಮಾರಾಯ್ತಿ ಎಂದ. ಅಲ್ಲಿಂದ ನೇರ ಪಾತಿಗೆ ಬಂದು ನಾಲ್ಕು ಹಲಗೆಯನ್ನೂ ಕಿತ್ತು ತೊಳೆದಳು.

ಹಸನಬ್ಬ ಹತ್ತು ಗಂಟೆಯ ಬಸ್ಸಿಗೆ ಬಂದ. ಅವಳು ಖಾಲಿ ಹಲಗೆಗಳನ್ನೂ ಬಣ್ಣದ ಡಬ್ಬಿಯನ್ನೂ ಅವನ ಮುಂದಿಟ್ಟಳು, ಯಾವ ಪಾತಿಗೆ ಏನು ಹಚ್ಚಿದ್ದು, ಎಲ್ಲಕ್ಕೂ ಒಂದೇ ಸಮ ನೀರು ಯಾಕೆ ಬೇಕು ಎಂದು ಮೊದಲಿನಿಂದ ವಿವರಿಸಿದಳು. ಅವನು ಪೂರ್ತಿ ಕೇಳಿದ. ಆಮೇಲೆ ಕುಂಚ ಹಿಡಿದು ಮೊದಲ ಹಲಗೆಯ ಮೇಲೆ ಅಲಿಫಿನ ನೆಟ್ಟಗಿನ ಗೆರೆ ಎಳೆದ.

“ಒಂದೇ ಕೊಡ” ಎಂದ.