ಮಡಿ ಅಡುಗೆಮನೆಗೆ ಭೂಮಿಪೂಜೆ

"ಆ ಕೈಯಲ್ಲಿ ಸಾರಿನ ಪಾತ್ರೆ ಮುಟ್ಟಿದ್ಯಾ? ಏ ತುಳಸಿ, ನಿನ್ನೇ ಕೇಳ್ತಿರೋದು. ಬಾಯಲ್ಲೇನು ಕಡುಬು ಇಟ್ಕೊಂಡಿದೀಯಾ?"

ಕುಮುದಾ ಮೇಡಂ ಕೂಗಿದ ಕೂಗಿಗೆ ಸ್ಯಾನ್ ಡಿಯಾಗೋ ಬಂದರಿನಲ್ಲಿ ಮಲಗಿದ್ದ ಯುದ್ಧನೌಕೆಗಳೆಲ್ಲ ಒಮ್ಮೆ ಮಗ್ಗುಲು ಬದಲಿಸಿದವು. ಮೀರಾಮೆಸಾದ ಕನ್ನಡ ಶಾಲೆಯ ಹಿಂದೆ, ತಗಡಿನ ಶೆಡ್ಡಿನ ಬಾಗಿಲಲ್ಲಿ, ತುಳಸಿ ತಪ್ಪಲೆಯ ಒಂದು ಕಿವಿ ಹಿಡಿದು ನಿಂತಿದ್ದಳು. ಇನ್ನೊಂದು ಕಿವಿ ಅಡುಗೆ ಭಟ್ಟರ ಕೈಯಲ್ಲಿತ್ತು.

"ಭಾರ ಆಗಿತ್ರೀ ಮೇಡಂ. ಒಂದ್ ಕೈ ಹಚ್ಚಿದ್ನಿ" ಎಂದಳು ತುಳಸಿ.

"ಭಟ್ರು ಮಡೀಲಿದಾರೆ ಕಣೆ. ಪೇರೆಂಟ್ಸ್ ಯಾರಾದ್ರೂ ನೋಡಿದ್ರೆ ಏನಂದ್ಕೋತಾರೆ? ಚೆಲ್ಲು ಅದನ್ನ. ನೀನು ಆಚೆ ಹೋಗಿ ಪಾತ್ರೆ ತೊಳಿ."

ಭಟ್ಟರು ತಪ್ಪಲೆ ಬಗ್ಗಿಸಿದರು. ಸಾರು ಚರಂಡಿಗೆ ಹೋಯಿತು. ಎಂಥ ಸಾರು! ಅದರ ಒಗ್ಗರಣೆ ಚಟಪಟ ಎಂದರೆ ಮೆಕ್ಸಿಕೋದ ಟಿಹುವಾನಾ ಗಡಿಯ ಕಾವಲಿನವರು ಬಂದೂಕು ಕೆಳಗಿಟ್ಟು ಸೀನುತ್ತಿದ್ದರು. ಅದನ್ನು ಕುಡಿದ ಇಲಿ ಚರಂಡಿಯೊಳಗೆ ಬೆಕ್ಕನ್ನು ಅಟ್ಟಿಸಿಕೊಂಡು ಹೋಯಿತೆಂದು ಈಗಲೂ ಜನ ಹೇಳುತ್ತಾರೆ.

ಭಟ್ಟರು ತುಳಸಿಯ ಗಂಡ. ಭಟ್ಟರೂ ಅಲ್ಲ. ಹಾವೇರಿ ಬಸ್‌ಸ್ಟ್ಯಾಂಡಿನ ಪಕ್ಕದ ಖಾನಾವಳಿಯಲ್ಲಿ ಬೆಳೆದ ಮಾದರ ಹಾಲಪ್ಪ. ಅವನಿಗೆ ಮುಂಜಿಯಾದದ್ದು ಲಾಸ್ ಏಂಜಲಿಸ್ ವಿಮಾನನಿಲ್ದಾಣದ ಪಾರ್ಕಿಂಗಿನಲ್ಲಿ, ಕುಮುದಾ ಮೇಡಂ ಗಂಡ, ಹೋಟೆಲ್ ಮಾಲೀಕ ಉಮಾಶಂಕರನ ಕಾರಿನ ಹಿಂದಿನ ಸೀಟಿನಲ್ಲಿ. ವಟುವಿಗೆ ಇಪ್ಪತ್ತೆಂಟು ವರ್ಷ ಮೀರಿತ್ತು, ಮಂತ್ರವೂ ಇರಲಿಲ್ಲ, ಪಕ್ಕದ ಕಾರಿನವನು ಹಾರ್ನ್ ಹೊಡೆದದ್ದೇ ಮಂಗಳವಾದ್ಯ.

"ಇಲ್ಲಿ ನಮ್ಮ ಜನ ತಿಥಿ ಊಟಕ್ಕೆ ಭಟ್ರೇ ಬೇಕು ಅಂತಾರೆ. ನಿಜವಾದ ಭಟ್ರನ್ನ ಕರೆಸಿದ್ರೆ ನಿಜವಾದ ಸಂಬಳ ಕೇಳ್ತಾರೆ" ಎಂದಿದ್ದ ಉಮಾಶಂಕರ, ಜನಿವಾರ ಅವನ ಕೊರಳಿಗೆ ಇಳಿಬಿಡುತ್ತ. "ಇವತ್ತಿಂದ ನೀನು ಹರಿಭಟ್ಟ. ಇವಳು ನಮ್ಮನೆ ಕೆಲಸದವಳು. ನಿನಗೆ ಯಾರೂ ಅಲ್ಲ. ತಿಳೀತಾ? ಎಲ್ಲಿ, ಪಾಸ್‌ಪೋರ್ಟ್ ಎರಡೂ ಕೊಡಿ ಇಲ್ಲಿ."

ಪಾಸ್‌ಪೋರ್ಟುಗಳು ಡೆಲ್ ಮಾರ್‌ನಲ್ಲಿದ್ದ ಅವನ ಮನೆಯ ಬೀರುವಿನಲ್ಲಿ ಸಮುದ್ರದ ಗಾಳಿ ಸೇವಿಸುತ್ತ ಆರಾಮಾಗಿದ್ದವು. ತುಳಸಿ ಆ ಮನೆಯ ಗರಾಜಿನಲ್ಲಿ ಮಲಗುತ್ತಿದ್ದಳು. ಹಾಲಪ್ಪ ಉಮಾಶಂಕರನ ಹೋಟೆಲಿನ ಹಿಂದಿನ ಕೋಣೆಯಲ್ಲಿ, ಅಕ್ಕಿ ಚೀಲಗಳ ಜೊತೆ. ಭಾನುವಾರ ಮಾತ್ರ ಗಂಡ ಹೆಂಡತಿ ಒಂದೆಡೆ ಸೇರುತ್ತಿದ್ದರು, ಅದೂ ಕನ್ನಡ ಶಾಲೆಯ ಶೆಡ್ಡಿನಲ್ಲಿ, ಬಿಟ್ಟಿ ಚಾಕರಿಗೆ. ಬೆಳಗಿನ ಅರ್ಧ ಅಡುಗೆ ತುಳಸಿಯದೇ. ಪೇರೆಂಟ್ಸ್ ಕಾರು ಪಾರ್ಕಿಂಗಿಗೆ ತಿರುಗಿದ ಕ್ಷಣದಿಂದ ಅವಳು ಮೈಲಿಗೆ.

ಶೆಡ್ಡಿಗೆ ಕಿಟಕಿ ಇರಲಿಲ್ಲ. ಹಿಂದಿನ ದೀಪಾವಳಿಯಲ್ಲಿ, ಹೊಗೆಗೆ ಕಣ್ಣು ಕತ್ತಲಿಟ್ಟು, ಕುದಿಯುವ ಎಣ್ಣೆಯ ಬಾಣಲೆ ಅವಳ ಬಲಗೈ ಮೇಲೆ ಮಗುಚಿತ್ತು. "ಆಸ್ಪತ್ರೆಗೆ ಹೋದ್ರೆ ನೂರೆಂಟು ಕೊಶ್ಚನ್ ಕೇಳ್ತಾರೆ" ಎಂದು ಉಮಾಶಂಕರ ಟೂತ್‌ಪೇಸ್ಟ್ ತಂದುಕೊಟ್ಟ. ಬೆರಳುಗಳು ಒಂದಕ್ಕೊಂದು ಅಂಟಿಕೊಂಡವು. ಈಗ ಆ ಕೈ ಮುಚ್ಚಿದ ಮೊಗ್ಗಿನ ಹಾಗೆ, ಬಿಡಿಸಲು ಬರುವುದಿಲ್ಲ.

ಹೀಗಿರುವಾಗ ಶಾಲೆಗೆ ದುಡ್ಡು ಬಂತು.

ಕೊಟ್ಟವರು ಪಸಡೀನಾದ ಶಿವಲಿಂಗಯ್ಯನವರು. ರಾಕೆಟ್ಟು, ಗ್ರಹ, ಧೂಮಕೇತು ಎಂದು ಜೀವನವೆಲ್ಲ ಆಕಾಶ ನೋಡಿ ಕತ್ತು ನೆಟ್ಟಗಾದ ನಿವೃತ್ತ ವಿಜ್ಞಾನಿ. ತೀರಿಕೊಂಡ ಹೆಂಡತಿಯ ಹೆಸರಿನಲ್ಲಿ ಕೊಡುವ ಚೆಕ್ಕು ಎಷ್ಟು ಭಾರವಿತ್ತೆಂದರೆ ಅದನ್ನು ಜೇಬಿನಲ್ಲಿಟ್ಟುಕೊಂಡು ಅವರು ಒಂದು ಕಡೆ ವಾಲಿ ನಡೆಯುತ್ತಿದ್ದರು.

"ಯಾವುದಕ್ಕೆ ಖರ್ಚು ಮಾಡಿದರೆ ಶಾಲೆಗೆ ಹೆಚ್ಚು ಉಪಯೋಗವೋ ಅದಕ್ಕೇ ಆಗಲಿ. ಶಾಲೇಲಿ ಇರೋರನ್ನೆಲ್ಲ ಕೇಳಿ" ಎಂದರು. "ಎಲ್ಲರನ್ನೂ."

ಸಭೆ ಸೇರಿತು. ಅಧ್ಯಕ್ಷ ಉಮಾಶಂಕರನಿಗೆ ಕಲ್ಲಿನ ಮಹಾದ್ವಾರ ಬೇಕು. ಟೆಲಿಕಾಂ ಇಂಜಿನಿಯರ್ ನಿತಿನ್‌ಗೆ ಮಕ್ಕಳಿಗೊಂದೊಂದು ಟ್ಯಾಬ್ಲೆಟ್ ಬೇಕು. ಪಾಠ ಹೇಳುವ ದೀಪ್ತಿಗೆ ಪುಸ್ತಕ ಬೇಕು. ಒಬ್ಬರ ಮಾತಿಗೆ ಇನ್ನೊಬ್ಬರು ಬಿದ್ದು ಕಚ್ಚಾಡಿದ ರಭಸಕ್ಕೆ ಹೊರಗೆ ಪಾಮ್ ಮರಗಳ ಗರಿ ಉದುರಿದವು. ಕೊನೆಗೆ ದೀಪ್ತಿ, "ಭಟ್ರನ್ನ ಕೇಳೋಣ. ಪ್ರತಿ ಭಾನುವಾರ ನಮಗೆ ಊಟ ಹಾಕೋರು. ತಿಳಿದೋರು" ಎಂದಳು.

ಹಾಲಪ್ಪ ಸೌಟು ಹಿಡಿದೇ ಒಳಬಂದ. ಅಷ್ಟೊಂದು ಮುಖಗಳು ಭಕ್ತಿಯಿಂದ ತನ್ನತ್ತ ತಿರುಗಿದ್ದು ನೋಡಿ ಅವನಿಗೆ ಆಸೆ ಹುಟ್ಟಿತು. ಈ ದಾರದಿಂದ ಒಂದಾದರೂ ಕೆಲಸವಾಗಲಿ ಅನ್ನಿಸಿತು.

"ಅಡಗಿಮನಿ ಕಟ್ರಿ" ಎಂದ. "ಕಿಟಕಿ ಇರೂದು. ಹೊಗಿ ಹೊರಗ ಹೋಗಬೇಕು. ದುಡಿಯೋ ಜೀವಕ್ಕ ಉಸಿರು ಬೇಕಲ್ರಿ."

ಉಮಾಶಂಕರ ಒಂದು ಗಳಿಗೆ ಅವನನ್ನೇ ನೋಡಿದ. ಆಮೇಲೆ ಚಪ್ಪಾಳೆ ತಟ್ಟಿದ.

"ಭಟ್ರ ಮಾತಿನ ಡೆಪ್ತ್ ಅರ್ಥ ಆಯ್ತಾ ನಿಮಗೆ? ಮಡಿ ಅಡುಗೆಮನೆ. ಇಡೀ ಕ್ಯಾಲಿಫೋರ್ನಿಯಾದಲ್ಲಿ ಇಂಥದ್ದು ಇಲ್ಲ. ಭಾನುವಾರ ಶಾಲೆಗೆ, ವಾರದ ದಿನ ತಿಥಿ ಕೇಟರಿಂಗ್‌ಗೆ, ಅದನ್ನ ನಾನೇ ನೋಡ್ಕೋತೀನಿ. ಬಾಗಿಲಿಗೆ ಲಾಕ್. ಭಟ್ರು ಬಿಟ್ಟು ಯಾರೂ ಒಳಗೆ ಹೋಗೋ ಹಾಗಿಲ್ಲ. ಪಾತ್ರೆ ತೊಳೆಯೋಳಿಗೆ ಆಚೆ ಬೇಲಿ ಹತ್ರದ ನಲ್ಲಿ ಇದ್ದೇ ಇದೆ."

"ಮಕ್ಕಳಿಗೂ ನಮ್ಮ ಕಲ್ಚರ್ ಗೊತ್ತಾಗುತ್ತೆ" ಎಂದಳು ದೀಪ್ತಿ.

ಶಿವಲಿಂಗಯ್ಯನವರು ಕನ್ನಡಕ ಸರಿಮಾಡಿಕೊಂಡರು. "ಇದರಲ್ಲಿ ಜಾತಿ ಗೀತಿ ಏನೂ ಇಲ್ಲ ತಾನೇ?"

"ಛೆ ಛೆ, ಅಮೆರಿಕದಲ್ಲಿ ಎಲ್ಲಿಂದ ಬಂತು ಸಾರ್ ಜಾತಿ. ಇದು ಹೈಜೀನ್."

ಎಲ್ಲ ಕೈಗಳೂ ಮೇಲೆದ್ದವು. ಹಾಲಪ್ಪನ ಕೈಯಲ್ಲಿದ್ದ ಸೌಟೂ ಅರ್ಧಕ್ಕೆದ್ದು ಅಲ್ಲೇ ನಿಂತಿತು.

ಜನ ಹೋದ ಮೇಲೆ ಅವನು ಬೇಲಿಯ ಹತ್ತಿರ ಹೋದಾಗ ತುಳಸಿ ಎಡಗೈಯಲ್ಲಿ ಕೊಪ್ಪರಿಗೆ ತಿಕ್ಕುತ್ತಿದ್ದಳು. ಕಿಟಕಿಯ ಸುದ್ದಿ ಆಗಲೇ ಅವಳಿಗೆ ಮುಟ್ಟಿತ್ತು.

"ಯಾರ ಸಲುವಾಗಿ ಕಿಟಕಿ ಕೇಳಿದ್ಯೋ ಭಾಡ್ಯಾ?"

"ನಿನ್ನ ಸಲುವಾಗೇ ಕೇಳಿದ್ನೆ."

"ನನಗ ಬೇಲಿ ಬಂತು." ಅವಳು ಕೊಪ್ಪರಿಗೆಯನ್ನು ಕಾಲಿನಿಂದ ಒದ್ದು ಉರುಳಿಸಿದಳು. "ಅವ ಆ ದಾರ ಹಾಕಿದ್ದು ನಿನ್ನ ಕೊಳ್ಳಿಗೆ ಅಲ್ಲ, ನನ್ನ ಕೊಳ್ಳಿಗೆ. ನೀ ಒಳಗ ಹೋದಷ್ಟು ನಾ ಹೊರಗ ಬೀಳ್ತೀನಿ. ತಿಳೀತೈತೇನ ಭಟ್ರ?"

ಹಾಲಪ್ಪನ ಕೈ ಅಂಗಿಯೊಳಗೆ ಹೋಯಿತು. "ಈಗಿಂದೀಗ ಕಿತ್ತ ಒಗೀತೀನಿ."

"ಈಗ ಕಿತ್ತರ ಯಾರ ನೋಡ್ತಾರ? ಆ ಸೂಳಿಮಗ ನಾಳೆ ನಿನ್ನ ವಿಮಾನ ಹತ್ತಸ್ತಾನ, ನನ್ನ ಗರಾಜಿನ್ಯಾಗ ಇಟ್ಕೋತಾನ." ತುಳಸಿ ನಲ್ಲಿ ನಿಲ್ಲಿಸಿದಳು. "ಹಾಕ್ಕೊಂಡಿರು. ಎಲ್ಲಾರೂ ಕೂಡ್ಲಿ. ಅವರ ಮುಂದ ಆ ದಾರದಿಂದನ ಅವ್ನ ಕುತ್ತಿಗಿ ಬಿಗಿ."

ಭೂಮಿಪೂಜೆ ಗೊತ್ತಾಯಿತು. ಕ್ಯಾಲಬಾಸಸ್ ದೇವಸ್ಥಾನದ ಕಡೆಯಿಂದ ಪುರೋಹಿತರನ್ನು ಕರೆಸಬೇಕೆಂದು ಮಾತು ಬಂದಾಗ ದೀಪ್ತಿ, "ಅಷ್ಟು ದೂರದಿಂದ ಯಾಕೆ ಅಂಕಲ್, ನಮ್ಮ ಭಟ್ರೇ ಇದಾರಲ್ಲ" ಎಂದಳು. ಹೌದು ಹೌದು ಎಂದರು ಎಲ್ಲರೂ. ಅಲ್ಲ ಎನ್ನಲು ಉಮಾಶಂಕರನ ನಾಲಗೆ ಹೊರಳಲಿಲ್ಲ. ಅಡುಗೆಗೆ ಆಗುವ ಭಟ್ಟ ಪೂಜೆಗೆ ಏಕಾಗುವುದಿಲ್ಲ ಎಂದು ಯಾರಾದರೂ ಕೇಳಿದರೆ ಅವನ ತಿಥಿ ಕೇಟರಿಂಗಿನ ತಿಥಿಯೇ ಆಗುತ್ತಿತ್ತು.

ಆ ಭಾನುವಾರ ಬಿಸಿಲು ಹೇಗಿತ್ತೆಂದರೆ ಕಾರುಗಳ ಮೇಲೆ ದೋಸೆ ಹುಯ್ಯಬಹುದಿತ್ತು. ಉಮಾಶಂಕರ ರೇಷ್ಮೆ ಪಂಚೆ, ಕುಮುದಾ ಮೈತುಂಬ ಚಿನ್ನ. ಶಿವಲಿಂಗಯ್ಯನವರ ಕೈಯಲ್ಲಿ ಚೆಕ್ಕು. ಹಾಲಪ್ಪ ಕಣ್ಣುಮುಚ್ಚಿ ಮೂಗಿನಿಂದ ರಾಗ ಹೊರಡಿಸಿದ. ಹಾವೇರಿ ಬಸ್‌ಸ್ಟ್ಯಾಂಡಿನ ಮೈಕಿನಲ್ಲಿ ಬಾಲ್ಯವೆಲ್ಲ ಕೇಳಿದ ಊರುಗಳು ಒಂದರ ಹಿಂದೊಂದು ಹೊರಬಂದವು.

"ಓಂ ಹಾನಗಲ್ಲಾಯ ನಮಃ, ಬಂಕಾಪುರಾಯ ನಮಃ, ಶಿಗ್ಗಾಂವಾಯ, ಸವಣೂರಾಯ, ವಯಾ ಲಕ್ಷ್ಮೇಶ್ವರಾಯ ನಮೋ ನಮಃ."

"ಎಂಥಾ ವೈಬ್ರೇಶನ್" ಎಂದು ದೀಪ್ತಿ ಕಣ್ಣೊರೆಸಿಕೊಂಡಳು.

"ಯಜಮಾನ್ರು ಗುದ್ದಲಿ ತಗೋಬೇಕು" ಎಂದ ಹಾಲಪ್ಪ. "ತಾವ ಅಗೀಬೇಕು. ಕೂಲಿಯವರ ಕೈ ಹತ್ತಬಾರದು."

ಉಮಾಶಂಕರ ಅಗೆದ. ಮಂತ್ರ ಮುಗಿಯುತ್ತಲೇ ಇರಲಿಲ್ಲ, ಹಾವೇರಿ ಜಿಲ್ಲೆ ಮುಗಿದು ಗದಗ ಶುರುವಾಯಿತು. "ಇನ್ನಾ ಆಳ. ಮಣ್ಣು ತಲೀ ಮ್ಯಾಲ ಹೊತ್ತು ಸುತ್ತ ಹಾಕ್ರಿ. ಚಪ್ಪಲಿ ಬ್ಯಾಡ." ಪಾರ್ಕಿಂಗಿನ ಡಾಂಬರು ಕಾದ ಕಾವಲಿಯಾಗಿತ್ತು. ಉಮಾಶಂಕರ ಬುಟ್ಟಿ ಹೊತ್ತು ಕಾಲು ಎತ್ತಿ ಎತ್ತಿ ಕುಣಿದ. ಅವನ ಬೆವರಿಗೆ ಶಾಂತಸಾಗರ ಒಂದು ಅಂಗುಲ ಏರಿತು. ಜನ ಮೊಬೈಲ್‌ನಲ್ಲಿ ಹಿಡಿದರು.

"ಇನ್ನೇನ್ ಉಳೀತು?" ಎಂದ ಏದುತ್ತ.

"ಭೂಮಿತಾಯಿ ಹೆಣ್ಣು. ಈ ನೆಲಾ ತಿಕ್ಕಿ ತೊಳದ ಹೆಣ್ಣುಮಗಳ ಪಾದಾ ದಂಪತಿ ತೊಳೀಬೇಕು. ಆ ನೀರು ಎಲ್ಲಾರೂ ತೀರ್ಥ ತಗೋಬೇಕು. ಅಲ್ಲೀಮಟಾ ಮಡಿ ಆಗಂಗಿಲ್ಲ. ತುಳಸೀ, ಬಾರವಾ, ಕುಂದರು."

ತುಳಸಿ ಬಂದು ಮಣೆಯ ಮೇಲೆ ಕುಳಿತಳು. ಕುಮುದಾಳ ಮುಖ ಬಿಳುಚಿತು. ಉಮಾಶಂಕರ ಹಾಲಪ್ಪನ ಕಿವಿಗೆ ಬಾಗಿದ.

"ಲೇ, ಸಾಕು ಮಾಡೋ. ನಿನ್ನ ಚರ್ಮ ಸುಲೀತೀನಿ."

"ಯಜಮಾನ್ರು ಏನೋ ಕೇಳಾಕತ್ತಾರ" ಎಂದ ಹಾಲಪ್ಪ, ಮೆಕ್ಸಿಕೋವರೆಗೆ ಕೇಳುವ ಹಾಗೆ. "ಜೋರಾಗಿ ಹೇಳ್ರಿ. ಈಕಿ ಪಾದಾ ಯಾಕ ಮುಟ್ಟಬಾರದು? ಎಲ್ಲಾರೂ ಕೇಳ್ಲಿ."

ಎಲ್ಲರೂ ನೋಡುತ್ತಿದ್ದರು. ಏಕೆಂದು ಹೇಳಿದರೆ ಭಟ್ಟ ಹೋಗುತ್ತಾನೆ, ಭಟ್ಟನ ಜೊತೆ ಅಷ್ಟು ವರ್ಷ ಮಾರಿದ ತಿಥಿ ಊಟವೆಲ್ಲ ಎದ್ದು ಬಂದು ಕುತ್ತಿಗೆ ಹಿಡಿಯುತ್ತದೆ. ಉಮಾಶಂಕರ ನಕ್ಕ. ಮೊಣಕಾಲೂರಿದ. ಕುಮುದಾ ಚೊಂಬಿನಿಂದ ನೀರು ಹಾಕಿದಳು, ಅವನು ಬಿರುಕು ಬಿಟ್ಟ ಆ ಹಿಮ್ಮಡಿಗಳನ್ನು ತೊಳೆದ.

"ಬೆರಳ ಸಂದ್ಯಾಗೂ" ಎಂದಳು ತುಳಸಿ.

ತಟ್ಟೆಯ ನೀರನ್ನು ಹಾಲಪ್ಪ ಉದ್ಧರಣೆಯಲ್ಲಿ ಹಂಚಿದ. ದಂಪತಿಗೆ ಮೊದಲು. ದೀಪ್ತಿ, ನಿತಿನ್, ಕಮಿಟಿ, ಪೇರೆಂಟ್ಸ್. ಶಿವಲಿಂಗಯ್ಯನವರು ಕಣ್ಣಿಗೊತ್ತಿಕೊಂಡು ಕುಡಿದರು.

"ಪೂಜಿ ಮುಗೀತು" ಎಂದ ಹಾಲಪ್ಪ. "ಈಕಿ ನನ್ನ ಹೇಣ್ತಿ. ನಾವು ಮಾದರು. ನನ್ನ ಹೆಸರು ಹಾಲಪ್ಪ, ಹರಿಭಟ್ಟ ಅಲ್ಲ. ಈ ದಾರ ಹಾಕಿದವ ನಿಮ್ಮ ಅಧ್ಯಕ್ಷ. ನಿಮ್ಮಪ್ಪಂದಿರ ತಿಥಿಗೆಲ್ಲಾ ನೀವು ಉಂಡದ್ದು ನಮ್ಮ ಕೈ ಊಟ. ಚಲೋ ಇತ್ತಿಲ್ಲೋ?"

ಜನಿವಾರ ಕಿತ್ತು ಗುಂಡಿಗೆ ಎಸೆದ.

ಯಾರೋ ಓಕರಿಸಿದರು. ಬೇಲಿಯ ಹತ್ತಿರದ ನಲ್ಲಿಗೆ ನೂಕುನುಗ್ಗಲಾಯಿತು, ಬಾಯಿ ಮುಕ್ಕಳಿಸಲು ಸಾಲು. ಕಲ್ಚರ್ ಕಲ್ಚರ್ ಎಂದ ದೀಪ್ತಿ ಎಲ್ಲರಿಗಿಂತ ಮುಂದೆ. ಉಮಾಶಂಕರ ಮಣ್ಣುಬುಟ್ಟಿ ಎತ್ತಿ ಎಸೆದ.

"ಪೊಲೀಸ್ ಕರೀತೀನಿ. ಇವತ್ತೇ ಡಿಪೋರ್ಟ್ ಮಾಡಿಸ್ತೀನಿ ಇಬ್ಬರನ್ನೂ, ನಾಯಿಗಳನ್ನ."

"ಕರೀರಿ. ನಮ್ಮ ಪಾಸ್‌ಪೋರ್ಟ್ ಯಾರ ಮನ್ಯಾಗ ಅದಾವ ಅಂತ ಅವರೂ ಕೇಳ್ತಾರ. ನಿಮ್ಮೌನ, ಕರೀರಲೇ."

ಉಮಾಶಂಕರನ ಬೆರಳು ಫೋನಿನ ಮೇಲೆ ನಿಂತುಬಿಟ್ಟಿತು.

ತುಳಸಿ ಎದ್ದು ಶಿವಲಿಂಗಯ್ಯನವರ ಮುಂದೆ ಹೋಗಿ ನಿಂತಳು. "ಶಾಲಿಯಾಗ ಇರೋರನ್ನೆಲ್ಲಾ ಕೇಳ್ರಿ ಅಂದಿದ್ರಂತ. ನನ್ನ ಯಾರೂ ಕೇಳಿಲ್ಲ." ಅಂಟಿದ ಬೆರಳುಗಳ ಕೈಯನ್ನು ಅವರ ಕನ್ನಡಕಕ್ಕೆ ಹತ್ತಿರ ಹಿಡಿದಳು. "ಇದು ನಿಮ್ಮ ಶಾಲಿ ಊಟಕ್ಕ ಸುಟ್ಟದ್ದು. ಆ ರೊಕ್ಕದಾಗ ಈ ಬೆರಳು ಬಿಡಸಾಕ ಬರ್ತೈತೇನು? ಕೇಳ್ರಿ ನಿಮ್ಮ ಕಮಿಟೀನ."

ಶಿವಲಿಂಗಯ್ಯನವರು ಏನೋ ಹೇಳಲು ಬಾಯಿ ತೆರೆದರು. ಎಡಗೈಯ ಚೆಕ್ಕು ಬಿಸಿಲಿಗೆ ಸುರುಳಿಯಾಗುತ್ತಿತ್ತು. ಬಲಗೈ ತಾನಾಗಿ ಜೇಬಿಗೆ ಹೋಗಿ, ಕರ್ಚೀಫು ತೆಗೆದು, ನಾಲಗೆಯ ತುದಿ ಒರೆಸುತ್ತಿತ್ತು. ಹಾಲಪ್ಪ ಅದನ್ನು ನೋಡಿದ. ಅವನು ನೋಡಿದ್ದನ್ನು ಅವರೂ ನೋಡಿದರು.

ತುಳಸಿ ಕಾಯಲಿಲ್ಲ. ಒದ್ದೆ ಕಾಲಿನಲ್ಲಿ ಅಗೆದ ಮಣ್ಣು ತುಳಿದು, ಮುಂಬಾಗಿಲಿನಿಂದಲೇ ಶಾಲೆಯ ಒಳಗೆ ಹೋದಳು. ಹಾಲಪ್ಪ ಹಿಂದೆಯೇ ಹೋದ. ಸಭಾಂಗಣದ ಬಿಳಿ ನೆಲದ ಮೇಲೆ ಕೆಂಪು ಹೆಜ್ಜೆಗಳು ಮೂಡುತ್ತ ಹೋದವು, ಒಂದೊಂದೂ ಆನೆಯ ಹೆಜ್ಜೆಯಷ್ಟು. ಇಬ್ಬರೂ ಮೊದಲ ಸಾಲಿನ ಕುರ್ಚಿಗಳಲ್ಲಿ ಅಕ್ಕಪಕ್ಕ ಕುಳಿತರು.

ಬಾಗಿಲಲ್ಲಿ ಜನ ಗುಂಪಾದರು. ಒಳಗೆ ಬರಲು ಆ ಹೆಜ್ಜೆಗಳನ್ನೇ ತುಳಿಯಬೇಕಿತ್ತು.

"ಒರಸ್ರೀ ಯಾರಾದ್ರೂ" ಎಂದಳು ಕುಮುದಾ.

ಒರೆಸುವ ಬಟ್ಟೆ ಎಲ್ಲಿರುತ್ತದೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.