‘ಓದಿ ನೋಡಿದ್ದೇನೆ’ ಎಂಬ ಸಾಲು

ಬೊಂಬೆ ಸುಟ್ಟು ಬೂದಿಯಾಗಿತ್ತು. ಯಿತ್ಕಾಳ ಮೈಯೆಲ್ಲ ಉರಿಯುತ್ತಿದ್ದುದು ಅದಕ್ಕೇ.

ಝ್ಲೀನ್ ಊರಿನ ಬೊಂಬೆ ಸಿನಿಮಾ ಸ್ಟುಡಿಯೋದಿಂದ ಬೆಳಿಗ್ಗೆ ಪಾನಿ ರುಜೆನಾ ಫೋನ್ ಮಾಡಿದ್ದರು. ಪಾನಿ ಎಂದರೆ ಅಲ್ಲಿನ ಭಾಷೆಯಲ್ಲಿ ಅಮ್ಮಾವ್ರು. ಎಪ್ಪತ್ತೊಂದರ ಮುದುಕಿ. ಬೊಂಬೆಯ ಕೈಯನ್ನು ಕೂದಲೆಳೆಯಷ್ಟು ಸರಿಸಿ ಒಂದು ಫೋಟೊ, ಮತ್ತಷ್ಟು ಸರಿಸಿ ಇನ್ನೊಂದು, ಹೀಗೇ ನಲವತ್ತು ವರ್ಷ ದುಡಿದ ಜೀವ. ಈಗ ಅವರ ಕೈಯೇ ನಡುಗುತ್ತದೆ, ಹಾಗಾಗಿ ಇದೇ ಕೊನೆಯ ಸಿನಿಮಾ. ಅದರ ಕೊನೆಯಲ್ಲಿ ಗಡಿಯಾರ ರಿಪೇರಿಯವನ ಬೊಂಬೆಗೆ ಬೆಂಕಿ ಹತ್ತಬೇಕು. ಹನ್ನೊಂದು ದಿನ ಕೂತು, ಇಷ್ಟಿಷ್ಟೇ ಸುಟ್ಟು, ಒಂಬೈನೂರು ಫೋಟೊ ತೆಗೆದಿದ್ದರು. ಈಗ ನೋಡಿದರೆ ಸರ್ವರಿನಲ್ಲಿ ನೂರಾ ಹನ್ನೆರಡು ಫೋಟೊಗಳಿಗೆ ಹೆಸರು ಮಾತ್ರ ಇದೆ, ಒಳಗೆ ಏನೂ ಇಲ್ಲ. ಬ್ಯಾಕಪ್ಪಿಗೂ ಅದೇ ಖಾಲಿ ಫೈಲುಗಳು ಹೋಗಿವೆ.

"ಇನ್ನೊಂದ್ಸಲ ಸುಡೋಣ ಅಂದ್ರೆ ಬೊಂಬೆ ಎಲ್ಲಿಂದ ತರ್ಲಮ್ಮ?" ಎಂದು ಮುದುಕಿ ಕೇಳಿದ್ದರು. "ಅದರ ಮುಖ ಕೆತ್ತಿದ ನಮ್ಮನೆಯವರು ಹೋಗಿ ಆರು ವರ್ಷ ಆಯ್ತು. ಹೇಳು, ಯಾರು ಮಾಡಿದ್ದು ಇದನ್ನ?"

"ಹುಡುಕಿ ನಿಮ್ಮೆದುರಿಗೇ ತಂದು ನಿಲ್ಲಿಸ್ತೀನಿ," ಎಂದು ಯಿತ್ಕಾ ಮಾತು ಕೊಟ್ಟಿದ್ದಳು.

ಆ ಸರ್ವರಿನ ಕರ್ನಲ್‌ನಲ್ಲಿ, ಅಂದರೆ ಇಡೀ ಯಂತ್ರವನ್ನು ನಡೆಸುವ ಮೂಲ ಪ್ರೋಗ್ರಾಮಿನಲ್ಲಿ, ತೆರೆದ ಫೈಲುಗಳನ್ನು ಹಿಡಿದಿಟ್ಟು, ಕೆಲಸ ಮುಗಿದ ಮೇಲೆ ಬಿಟ್ಟುಬಿಡುವ ಭಾಗ ಯಿತ್ಕಾಳ ಪಾಲಿನದು. ಬ್ರನೋ ನಗರದ ಈ ಕಚೇರಿಯಲ್ಲಿ ಹದಿನೈದು ವರ್ಷದಿಂದ ಅದನ್ನು ಮಗುವಿನ ಹಾಗೆ ಸಾಕಿದ್ದಳು. ಅದರ ನಿಯಮ ಬಹಳ ಸರಳ. ಒಂದು ಫೈಲನ್ನು ಎಷ್ಟು ಜನ ಹಿಡಿದಿದ್ದಾರೆ ಎಂಬ ಎಣಿಕೆ ಇರುತ್ತದೆ. ಎಣಿಕೆ ಸೊನ್ನೆಯಾದರೆ ಫೈಲನ್ನು ಬಿಡುವುದು, ಮೆಮೊರಿಯ ಆ ಜಾಗ ಬೇರೆ ಫೈಲಿಗೆ ಹೋಗುವುದು. ಆದ್ದರಿಂದ ಹೊಸದಾಗಿ ಹಿಡಿಯಲು ಬಂದವನು ‘ಸೊನ್ನೆಯಾಗಿದೆಯೇ’ ಎಂದು ಮೊದಲು ಕೇಳಬೇಕು. ಕೇಳದೆ ಕೈ ಹಾಕಿದರೆ ಬೇರೆಯವರ ಫೈಲು ಕೈಗೆ ಸಿಗುತ್ತದೆ, ಬರೆದದ್ದೆಲ್ಲ ಅದರೊಳಗೆ ಹೋಗಿ ಬೀಳುತ್ತದೆ.

ಹನ್ನೊಂದು ಗಂಟೆಗೆ ತಪ್ಪಿದ್ದ ಜಾಗ ಸಿಕ್ಕಿತು. ಆ ಪ್ರಶ್ನೆ ಇದ್ದ ಸಾಲನ್ನು ಎರಡು ವರ್ಷದ ಹಿಂದೆ ಯಾರೋ ಕಿತ್ತುಹಾಕಿದ್ದರು. ಬರೆದವರ ಹೆಸರು ನೋಡಿದಳು. ಒತಾಕರ್! ಅವಳಿಗೆ ಈ ಕೆಲಸ ಕಲಿಸಿದವನೇ. ಮುಂದಕ್ಕೆ ಓದುವ ತಾಳ್ಮೆ ಯಾರಿಗಿತ್ತು? ದಡದಡ ಮೆಟ್ಟಿಲಿಳಿದು ಕ್ಯಾಂಟೀನಿಗೆ ನುಗ್ಗಿದಳು. ಅವನು ಗುಲಾಶ್ ಎಂಬ ಮಾಂಸದ ಸಾರಿನ ತಟ್ಟೆಯ ಮುಂದೆ ಆರಾಮಾಗಿ ಕೂತಿದ್ದ.

"ಗಂಟಲಲ್ಲಿ ಇಳೀತಿದೆಯೇನೋ ಅದು?"

"ಏನಾಯ್ತೇ? ಮೈಮೇಲೆ ದೆವ್ವ ಬಂದೋರ ಥರ ಆಡ್ತೀಯಲ್ಲ!"

"ಸೊನ್ನೆ ಆಗಿದೆಯಾ ಅಂತ ಕೇಳೋ ಸಾಲನ್ನ ಯಾಕೋ ಕಿತ್ತಾಕ್ದೆ?"

ಒತಾಕರ್ ನೆನಪು ಮಾಡಿಕೊಂಡ. "ಓ, ಅದಾ? ಅಲ್ಲಿ ಸೊನ್ನೆ ಆಗೋದೇ ಇಲ್ವಲ್ಲೇ. ಯಾರಾದ್ರೂ ಒಬ್ರು ಹಿಡ್ಕೊಂಡೇ ಇರ್ತಾರೆ."

"ನಿಮ್ಮಜ್ಜಿ ಹಿಡ್ಕೊಂಡಿರ್ತಾಳೆ! ಮೆಮೊರಿ ಕಮ್ಮಿ ಬಿದ್ದಾಗ ಕರ್ನಲ್ಲೇ ಹಳೇ ಫೈಲನ್ನೆಲ್ಲ ಬಿಡಿಸ್ತಾ ಬರುತ್ತಲ್ಲ, ಆವಾಗ?"

ಒತಾಕರನ ಕೈಯಲ್ಲಿದ್ದ ಫೋರ್ಕು ಅಲ್ಲೇ ನಿಂತಿತು. ಅವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಯಿತ್ಕಾ ಅಷ್ಟಕ್ಕೇ ಬಿಡಲಿಲ್ಲ. ಸುತ್ತಲಿನವರು ಊಟ ಬಿಟ್ಟು ನೋಡುತ್ತಿದ್ದರೂ ಬಾಯಿಗೆ ಬಂದಂತೆ ಬೈದಳು. ಬೊಂಬೆಯ ಕತೆ, ಮುದುಕಿಯ ಕತೆ, ಎಲ್ಲ ಹೇಳಿದಳು. "ಝ್ಲೀನ್‌ಗೆ ಹೋಗು. ಆಯಮ್ಮನ ಮುಖ ನೋಡಿ, ನಾನೇ ಮಾಡಿದ್ದು ಅನ್ನು. ನಾಚಿಕೆ ಇದ್ರೆ ಇವತ್ತೇ ಹೋಗು!"

"ಹೋಗ್ತೀನಿ," ಎಂದ ಒತಾಕರ್. ಆಮೇಲೆ ಮೆಲ್ಲಗೆ ಕೇಳಿದ, "ಪೂರ್ತಿ ಓದಿದ್ಯಾ ನೀನು?"

ಆ ತಿದ್ದುಪಡಿಯ ದಾಖಲೆಯನ್ನು ಫೋನಿನಲ್ಲಿ ತೆರೆದು ಅವಳ ಮುಂದಿಟ್ಟ. ಕರ್ನಲ್‌ನವರ ಪದ್ಧತಿ ಇದು: ಒಬ್ಬರು ತಿದ್ದಿದ್ದನ್ನು ಎಲ್ಲರಿಗೂ ಕಾಣುವಂತೆ ಮೇಲ್ ಮಾಡಬೇಕು, ಇನ್ನೊಬ್ಬರು ಸಾಲುಸಾಲಾಗಿ ಓದಿ ‘ಓದಿ ನೋಡಿದ್ದೇನೆ’ ಎಂದು ಕೆಳಗೆ ತಮ್ಮ ಹೆಸರು ಹಾಕಬೇಕು. ಒಮ್ಮೆ ಕೋಡಿನ ಚರಿತ್ರೆಗೆ ಸೇರಿದ ಹೆಸರನ್ನು ಯಾರೂ ಅಳಿಸುವುದಿಲ್ಲ. ಒತಾಕರನ ಹೆಸರಿನ ಕೆಳಗೆ ಯಿತ್ಕಾಳ ಹೆಸರಿತ್ತು. ಅವನು ಕಳಿಸಿದ್ದು ಬೆಳಿಗ್ಗೆ ಎಂಟು ಗಂಟೆ ಎಂಟು ನಿಮಿಷಕ್ಕೆ. ಅವಳ ಉತ್ತರ ಎಂಟು ಹನ್ನೆರಡಕ್ಕೆ. ಆ ಹೊತ್ತಿನಲ್ಲಿ ಅವಳು ದಿನಾ ಟ್ರಾಮಿನಲ್ಲಿ ಕಂಬ ಹಿಡಿದು ನಿಂತಿರುತ್ತಾಳೆ.

ಯಿತ್ಕಾ ಆ ಎರಡು ಸಮಯಗಳನ್ನು ಮತ್ತೊಮ್ಮೆ ಓದಿದಳು.

"ನೀನು ನೋಡ್ತೀಯಲ್ಲ ಅಂತ ನಾನು ಕಳಿಸ್ಬಿಟ್ಟೆ," ಎಂದ ಒತಾಕರ್.

"ನೀನು ಬರ್ದಿದ್ದೀಯಲ್ಲ ಅಂತ ನಾನು ನೋಡ್ಲೇ ಇಲ್ಲ." ಹಾಗೆಂದವಳು ಅವನ ತಟ್ಟೆಯನ್ನು ಎಷ್ಟು ಜೋರಾಗಿ ತಳ್ಳಿದಳೆಂದರೆ ಗುಲಾಶ್ ಅವಳ ಅಂಗಿಗೇ ಹಾರಿತು. ಥೂ, ನನ್ನ ಜನ್ಮಕ್ಕಿಷ್ಟು!

ಮಧ್ಯಾಹ್ನ ಆ ಪ್ರಶ್ನೆಯ ಸಾಲನ್ನು ಮತ್ತೆ ಅದರ ಜಾಗದಲ್ಲಿ ಸೇರಿಸಿ ಕಳಿಸಿದಳು. ಒತಾಕರ್ ಒಂದೂವರೆ ಗಂಟೆ ಓದಿ, ಮೂರು ತಕರಾರು ತೆಗೆದು, ಆಮೇಲೆ ಹೆಸರು ಹಾಕಿದ. ಸಂಜೆ ಅವಳು ಪಾನಿ ರುಜೆನಾಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದಳು.

"ಒಬ್ಬ ಬರೆಯೋನು, ಒಬ್ರು ನೋಡೋರು," ಎಂದರು ಮುದುಕಿ. "ಬರೆಯೋನು ತಪ್ಪಿದ, ಸರಿ. ನೋಡೋರು ಏನ್ ಮಾಡ್ತಿದ್ರಮ್ಮ?"

"ಆ ನೋಡೋಳು ನಾನೇ. ಟ್ರಾಮಿನಲ್ಲಿದ್ದೆ. ನೋಡ್ದೇನೇ ಹೆಸರು ಹಾಕ್ದೆ."

"ನಾನು ಒಂದೊಂದನ್ನೂ ನೋಡಿದ್ದೆ ಕಣಮ್ಮ. ಒಂಬೈನೂರನ್ನೂ," ಎಂದು ಹೇಳಿ ಅವರು ಫೋನ್ ಇಟ್ಟರು.

ಕಳೆದುಹೋದ ಫೋಟೊಗಳು ಎಲ್ಲಿರಬಹುದು ಎಂಬುದು ಯಿತ್ಕಾಗೆ ಗೊತ್ತಿತ್ತು. ಅದೇ ದಿನಗಳಲ್ಲಿ ಬಣ್ಣ ತಿದ್ದುವವರು ತೆರೆದಿಟ್ಟಿದ್ದ ಹಳೆಯ ದೃಶ್ಯಗಳ ಫೈಲುಗಳೊಳಗೆ ಹೋಗಿ ಬಿದ್ದಿರಬೇಕು. ಅದೇ ಅಂಗಡಿ, ಅದೇ ಬೊಂಬೆ, ಅದೇ ಮಬ್ಬು ಬೆಳಕಿನ ಹನ್ನೆರಡು ಸಾವಿರ ಫೋಟೊಗಳು. ಯಂತ್ರಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ, ಕಣ್ಣಿನಿಂದಲೇ ಹುಡುಕಬೇಕು.

ಮರುದಿನ ಬೆಳಿಗ್ಗೆ ಇಬ್ಬರೂ ಝ್ಲೀನ್‌ಗೆ ಹೋದರು. ಮುದುಕಿ ಕೈ ಕುಲುಕಲಿಲ್ಲ, ಕಾಫಿ ಬೇಕೇ ಎಂದು ಕೇಳಲಿಲ್ಲ. ಪರದೆಯ ಮುಂದಿದ್ದ ಎರಡು ಕುರ್ಚಿ ತೋರಿಸಿದರು.

"ಇವನು ತೆರೀಲಿ. ನೀನು ನೋಡು."

ಮಧ್ಯಾಹ್ನದ ಹೊತ್ತಿಗೆ ಎರಡು ಸಾವಿರ ಮುಗಿದು ನಾಲ್ಕು ಸಿಕ್ಕಿದ್ದವು. ಯಿತ್ಕಾಳ ಕಣ್ಣು ಉರಿಯುತ್ತಿತ್ತು. "ಮುಂದೆ, ಮುಂದೆ," ಎನ್ನುತ್ತ ಹೋದಳು.

ಬೆನ್ನ ಹಿಂದೆ ಮುದುಕಿಯ ಊರುಗೋಲು ನೆಲಕ್ಕೆ ಬಡಿಯಿತು.

"ಹಿಂದಕ್ಕೆ ಹೋಗು. ಅದನ್ನ ನೀನು ನೋಡ್ಲಿಲ್ಲ."

"ನೋಡಿದೆ ಪಾನಿ..."

"ನೋಡ್ಲಿಲ್ಲ!"

ಒತಾಕರ್ ತುಟಿ ಪಿಟಕ್ಕೆನ್ನದೆ ಹಿಂದಿನ ಫೋಟೊ ತೆರೆದ. ಯಿತ್ಕಾ ಪರದೆಗೆ ಮೂಗು ತಾಕುವಷ್ಟು ಬಗ್ಗಿದಳು. ಅಂಗಡಿ, ಗಡಿಯಾರಗಳು, ಬಗ್ಗಿ ಕೂತ ರಿಪೇರಿಯವನು. ಅವನ ಎಡತೋಳಿನ ಅಂಚಿನಲ್ಲಿ, ದಾರದೆಳೆಯಷ್ಟು ಸಣ್ಣಗೆ, ಬೆಂಕಿ ಆಗತಾನೆ ಹತ್ತಿಕೊಂಡಿತ್ತು.

"ಇದೆ," ಎಂದಳು ಯಿತ್ಕಾ. ತಾನೇ ಮೌಸ್ ತೆಗೆದುಕೊಂಡು, ಆಗಲೇ ನೋಡಿಯಾಗಿದ್ದ ಎರಡು ಸಾವಿರವನ್ನೂ ಮೊದಲನೆಯದರಿಂದ ಮತ್ತೆ ತೆರೆಯತೊಡಗಿದಳು.